ಮದ್ದಳೆ ನಿಲ್ಲಿಸಿದವನು

ಹೊಳೆದಂಡೆಯ ಆಶ್ರಮದಲ್ಲಿ ಅಜ್ಜಯ್ಯ ಆಟ ಕಲಿಸುತ್ತಿದ್ದರು. ಬರೆದಿಟ್ಟ ಮಾತಿಲ್ಲದ ಆಟ.

ಹುಣ್ಣಿಮೆಯ ಸಂಜೆ ಊರವರು ಸುತ್ತ ಕೂರುವರು. ಒಬ್ಬ ನಡುವೆ ನಿಂತು ತನ್ನ ಬದುಕಿನ ಒಂದು ಸಂಗತಿ ಎತ್ತುವನು. ಉಳಿದವರು ಆಗ ತೋಚಿದ ಪಾತ್ರವಾಗಿ ಬಂದು ಸೇರುವರು. ನಡುವೆ ನಿಂತವನು ಹೇಳಿದ್ದೇ ನಡೆಯಬೇಕು.

ಶಿಷ್ಯ ಬೊಮ್ಮಣ್ಣನಿಗೆ ಮೀಸೆ ನರೆಯತೊಡಗಿತ್ತು. ಮಾತಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಹೊಳೆಗೆ ಇಳಿದುಬಿಡುತ್ತಿದ್ದ, ಆಟ ಅರ್ಧದಲ್ಲಿದ್ದರೂ.

ಹಿರಿಯ ಶಿಷ್ಯ ಕೊಟ್ರಯ್ಯ ಹೇಳಿದ: “ಈ ಸಲವೂ ಓಡಿದರೆ ನಿನಗೆ ಅಡುಗೆ ಒಲೆಯೇ ಗತಿ. ಆಟದ ಕಡೆ ತಲೆ ಹಾಕಬೇಡ.”

ಬೊಮ್ಮಣ್ಣನಿಗೆ ಆಟವೇ ಉಸಿರು. ಹೆದರಿದ. ಕೊಟ್ರಯ್ಯ ಹಿಂದೊಮ್ಮೆ ಆಟದಲ್ಲಿ ತನ್ನ ಮದುವೆಯ ಬಗ್ಗೆ ಆಡಿದ್ದ ಮಾತನ್ನೆಲ್ಲ ಕೆಮ್ಮಿನ ಸಮೇತ ಬಾಯಿಪಾಠ ಮಾಡಿಕೊಂಡ.

ಹುಣ್ಣಿಮೆ ಬಂತು. ನಡುವೆ ನಿಂತು ಶುರುಮಾಡಿದ.

“ನನ್ನ ಮದುವೆಯ ದಿನ ಮಾವ ಮುನಿಸಿಕೊಂಡ.” ಕೆಮ್ಮಿದ.

“ನಿನಗೆ ಯಾವಾಗ ಮದುವೆಯಾಯ್ತೋ ಬೊಮ್ಮಾ?” ಅಂದಳು ಮುಂದೆ ಕೂತಿದ್ದ ಮುದುಕಿ ಹಾಲವ್ವ. “ನಮಗೆ ಊಟವೇ ಹಾಕಲಿಲ್ಲ!”

ಊರು ನಕ್ಕಿತು. ಮದ್ದಳೆಯವನು ನಗೆಯ ಮೇಲೆ ನಾಲ್ಕು ಪೆಟ್ಟು ಹಾಕಿದ. ಬೊಮ್ಮಣ್ಣನ ಪಾಠ ಹಾರಿಹೋಯಿತು. ಕೈ ಕಿವಿಗೆ ಹೋಯಿತು. ಕಾಲು ಹೊಳೆಯ ಕಡೆ ತಿರುಗಿತು.

“ಮದ್ದಳೆ ನಿಲ್ಲಿಸ್ರೋ!” ಎಂದು ಕಿರುಚಿದ.

“ನಿಲ್ಲಿಸು,” ಅಂದರು ಅಜ್ಜಯ್ಯ. “ನಡುವೆ ನಿಂತವನ ಮಾತು. ಆಟ ಈಗ ಶುರುವಾಯ್ತು.”

ಮದ್ದಳೆ ನಿಂತಿತು.

ಬೊಮ್ಮಣ್ಣ ನೆಲ ನೋಡುತ್ತ ಹೇಳಿದ: “ನಿಮಗೆ ಮದ್ದಳೆ ಒಂದೇ ಕೇಳುತ್ತೆ. ನನಗೆ ಹಾಲವ್ವನ ಬಳೆ, ಕೂಸಿನ ಅಳು, ಎತ್ತಿನ ಗಂಟೆ, ಎಲ್ಲವೂ ಅಷ್ಟೇ ಜೋರು. ಯಾವುದೂ ಹಿಂದೆ ಸರಿಯೋದಿಲ್ಲ.”

“ಹೇಳಬೇಡ. ಆಡಿಸು,” ಅಂದರು ಅಜ್ಜಯ್ಯ.

ಬೊಮ್ಮಣ್ಣ ಕೊಟ್ರಯ್ಯನ ರಟ್ಟೆ ಹಿಡಿದು ಎಳೆತಂದು ನಡುವೆ ಕೂರಿಸಿದ.

“ನೀನೀಗ ನಾನು.”

ಹಾಲವ್ವನಿಗೆ ಬಳೆ ಕುಲುಕಲು ಹೇಳಿದ. ಗಂಡಸರನ್ನು ಗಂಟೆ ಮಾಡಿದ, ಹೆಂಗಸರನ್ನು ಅಳುವ ಕೂಸು ಮಾಡಿದ. ಮದ್ದಳೆಯನ್ನು ಕೊಟ್ರಯ್ಯನ ಕಿವಿಯ ಪಕ್ಕಕ್ಕೇ ತರಿಸಿದ. ಕೈ ಎತ್ತಿದ.

ಇಡೀ ಊರು ಒಟ್ಟಿಗೆ ಭೋರ್ಗರೆಯಿತು. ತಾನೇ ಎಬ್ಬಿಸಿದ ಗದ್ದಲ ಬೊಮ್ಮಣ್ಣನನ್ನು ಅಷ್ಟು ಚುಚ್ಚಲಿಲ್ಲ.

“ಕೊಟ್ರಯ್ಯಾ, ನಿನ್ನ ಹೆಂಡತಿ ಹೆಸರೇನೋ?” ಹಾಲವ್ವ ಬಳೆ ಕುಲುಕುತ್ತಲೇ ಕೇಳಿದಳು.

ಕೊಟ್ರಯ್ಯ ಬಾಯಿ ತೆರೆದ. ಹೆಸರು ಬರಲಿಲ್ಲ. ಕಿವಿ ಮುಚ್ಚಿಕೊಂಡು ಎದ್ದವನೇ ಹೊಳೆಗೆ ಓಡಿದ.

ಬೊಮ್ಮಣ್ಣ ಕೈ ಇಳಿಸಿದ. ಊರು ಗಪ್ಪಾಯಿತು. ಈ ಸಲ ಯಾರೂ ನಗಲಿಲ್ಲ.

“ನನ್ನ ಮೊಮ್ಮಗಳೂ ಹಿಂಗೇ,” ಅಂದಳು ಹಾಲವ್ವ. “ಸಂತೆಗೆ ಕರೆದೊಯ್ದರೆ ಕಿರುಚ್ತಾಳೆ. ಹಟ ಅಂದುಕೊಂಡಿದ್ದೆ. ಬರೋ ಹುಣ್ಣಿಮೆಗೆ ಕರ್ಕೊಂಡು ಬರ್ತೀನಿ ಬೊಮ್ಮಣ್ಣಾ. ಅವಳನ್ನೂ ಆಡಿಸು.”

ಬೊಮ್ಮಣ್ಣ ಆಗಲೂ ಅವಳ ಮುಖ ನೋಡಲಿಲ್ಲ. ಆದರೆ ಊರಗಲ ಎದೆ ಮಾಡಿಕೊಂಡು ನಿಂತಿದ್ದ.

ಕೊಟ್ರಯ್ಯ ಒದ್ದೆ ಕಾಲಲ್ಲಿ ವಾಪಸು ಬಂದ.

“ಅಜ್ಜಯ್ಯಾ, ಇವನ ಜಾಗದಲ್ಲಿ ಒಂದು ಗಳಿಗೆ ಕೂರೋಕೆ ಆಗಲಿಲ್ಲ.”

“ಹುಟ್ಟಿದಾಗಿಂದ ಅವನು ಅಲ್ಲೇ ಕೂತಿದಾನೆ,” ಅಂದರು ಅಜ್ಜಯ್ಯ. “ಅದರ ಮೇಲೆ ಆಟವನ್ನೂ ಆಡ್ತಾನೆ.”