ಮಿದುಳಿನ ಬಾಗಿಲಲ್ಲಿ ದುಂಡ

ದೇವೀರಮ್ಮ ಊರಿಗೆಲ್ಲ ನಡೆದೇ ಅಂಚೆ ಹಂಚುವವಳು. ಅವಳ ಮೈಯೊಳಗೆ ದುಂಡ ಎಂಬ ಬಿಳಿ ರಕ್ತಕಣ ಕಾವಲಿಗಿದ್ದ.

ರಕ್ತದ ಹೊಳೆಯಲ್ಲಿ ತೇಲುತ್ತ ತಿರುಗುವುದು, ರೋಗಾಣು ಕಂಡಲ್ಲಿ ಗೋಡೆಗೆ ಕೊಕ್ಕೆ ಹಾಕಿ ನಿಲ್ಲುವುದು, ಸಂದಿಯಲ್ಲಿ ನುಸುಳಿ ಹೊಡೆಯುವುದು. ಕಾವಲಿನವರ ಪದ್ಧತಿ ಅದು.

ಒಮ್ಮೆ ಜ್ವರ ಬಂತು. ದುಂಡ ಒಂದು ರೋಗಾಣುವನ್ನು ಕೆಡವಿದ. ಅದರ ಅಂಗಿಯ ನೇಯ್ಗೆಯನ್ನು ನೆನಪಿಟ್ಟುಕೊಂಡ. ಜ್ವರ ಇಳಿಯಿತು. ದುಂಡನ ಬಿಸಿ ಇಳಿಯಲಿಲ್ಲ. ಗುಂಪು ಕಟ್ಟಿಕೊಂಡು ಮಿದುಳಿನ ಬಾಗಿಲಿಗೆ ಬಂದ.

ಅಲ್ಲಿ ಕಾಯುವವಳು ಬಾಗಿಲವ್ವ. "ಏನೋ ಇಷ್ಟು ದೊಡ್ಡ ದಿಬ್ಬಣ?" ಎಂದಳು.

"ಅದೇ ಅಂಗಿಯವನು ಒಳಗಿದ್ದಾನೆ. ದಾರಿ ಬಿಡವ್ವ."

"ಮುಖ ನೋಡಿದೆಯಾ?"

"ಅಂಗಿ ನೋಡಿದೆ. ಸಾಲದಾ?"

ತಳ್ಳಿಕೊಂಡು ನುಗ್ಗಿದರು. ಒಳಗೆ ನರಗಳಿಗೆ ಸುತ್ತಿದ್ದ ಹೊದಿಕೆ ಹೆಚ್ಚುಕಡಿಮೆ ಅದೇ ನೇಯ್ಗೆಯದು. ದುಂಡ ಅದನ್ನು ಹರಿದ. ಎಲ್ಲರೂ ಹರಿದರು. ಉರಿ ಎದ್ದಿತು, ಊತ ಬಂತು. ಮಿದುಳು "ನಡೆ" ಎಂದಿತು. ಮಾತು ಕಾಲಿಗೆ ಮುಟ್ಟಲಿಲ್ಲ. ದೇವೀರಮ್ಮ ಹೊಸಿಲ ಮೇಲೆ ಕುಸಿದಳು.

"ಭಲೇ ಶೂರ!" ಎಂದಳು ಬಾಗಿಲವ್ವ. "ನೀನು ಹರಿದದ್ದು ಕಳ್ಳನ ಅಂಗಿಯಲ್ಲ. ನಮ್ಮ ದೇವೀರಮ್ಮನ ನರ."

ದುಂಡ ಬೆಪ್ಪಾದ.

ವೈದ್ಯರು ಮದ್ದು ಕೊಟ್ಟರು. ಅದು ಕಾವಲಿನವರ ಕೊಕ್ಕೆಗಳಿಗೆ ಮೇಣದಂತೆ ಮೆತ್ತಿತು. ಬಾಗಿಲಲ್ಲಿ ಹಿಡಿತ ಸಿಗದೆ ಒಬ್ಬೊಬ್ಬನೂ ಜಾರಿದ. ಬಾಗಿಲವ್ವನಿಗೆ ನಕ್ಕೂ ನಕ್ಕೂ ಸಾಕಾಯಿತು. ಒಳಗೆ ಹರಿದ ಹೊದಿಕೆಯನ್ನು ಮತ್ತೆ ನೇಯುವ ಕಣಗಳು ಕೆಲಸ ಹಿಡಿದವು.

ಒಂದು ದಿನ ದುಂಡನ ಕೊಕ್ಕೆ ಹೇಗೋ ಸಿಕ್ಕಿಕೊಂಡಿತು. ಮೇಣ ತಾಗದ ತುದಿಯೊಂದು ಉಳಿದಿತ್ತು.

"ನುಗ್ಗೋ ದುಂಡ! ನಿನ್ನ ಹಿಡ್ಕೊಂಡು ನಾವೂ ಬರ್ತೀವಿ!" ಹಿಂದಿನವರು ಕೂಗಿದರು.

ಸಂದಿಯಲ್ಲಿ ಅದೇ ನೇಯ್ಗೆ ಕಂಡಿತು. ಕೈ ತುರಿಸಿತು. ಈ ಸಲ ದುಂಡ ನಿಂತು ನೋಡಿದ. ಅಂಗಿಯೊಳಗೆ ಕಳ್ಳನಿರಲಿಲ್ಲ. ನರವಿತ್ತು.

ಕೊಕ್ಕೆ ಬಿಟ್ಟ.

"ನಡೀರ್ರೋ. ಇದು ನಮ್ಮನೆ."

"ಬುದ್ಧಿ ಬಂತೇನಪ್ಪಾ?" ಎಂದಳು ಬಾಗಿಲವ್ವ.

"ಬಂತವ್ವ. ನೀನು ಬಾಗಿಲು ಹಾಕ್ಕೋ."

ಕೆಲವು ವಾರ ಕಳೆಯಿತು. ಮಿದುಳು "ನಡೆ" ಎಂದಿತು. ಮಾತು ಸೊಂಟಕ್ಕೆ ಬಂತು, ಮಂಡಿಗೆ ಬಂತು, ಹೆಬ್ಬೆರಳಿಗೆ ಮುಟ್ಟಿತು. ದೇವೀರಮ್ಮ ಎದ್ದಳು. ಗೋಡೆ ಹಿಡಿದು ಎರಡು ಹೆಜ್ಜೆ. ಗೋಡೆ ಬಿಟ್ಟು ನಾಲ್ಕು. ಮರುವಾರ ಬೀದಿಗಿಳಿದು, "ಕಾಗದ ಬಂದಿದೆ ಕಣ್ರೀ!" ಎಂದು ಕೂಗಿದಳು. ಬೀದಿಯ ಜನವೆಲ್ಲ ಕಾಗದ ಬಿಟ್ಟು ಅವಳ ಕಾಲನ್ನೇ ನೋಡಿತು.

ಅವಳ ಮೀನಖಂಡದಲ್ಲಿ ರಕ್ತ ಜೋರಾಗಿ ಹರಿಯಿತು. ದುಂಡ ಅದರಲ್ಲಿ ಲಾಗ ಹಾಕಿದ.

ನೀತಿ: ಕಾಯುವವನಿಗೆ ಧೈರ್ಯವೊಂದೇ ಸಾಲದು. ಹೊಡೆಯುವ ಮೊದಲು ಯಾರೆಂದು ನೋಡಬೇಕು. ತನ್ನವರ ಬಾಗಿಲಿಂದ ಹಿಂದೆ ಸರಿಯುವುದೂ ಕಾವಲೇ.