ಬೀದಿ ನಲ್ಲಿಗೆ ಬಾಗಿನ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಇನ್ನರ್ಧ ಹೋದ ಸಲದ ಕತೆಗೆ ಹೋಯಿತು.

ಹುರುಳಿಕಟ್ಟೆ ಪುರಸಭೆಯ ಅಧ್ಯಕ್ಷ ಕೆಂಪರಾಜಯ್ಯನವರು ತುಂಬಿದ ಸಭೆಯಲ್ಲಿ ಮೇಜು ಗುದ್ದಿದರು. "ನನ್ನ ಆಡಳಿತದಲ್ಲಿ ಪ್ರತಿ ವಾರ್ಡಿಗೂ ದಿನಾ ನೀರು. ಇಲ್ಲ ಅನ್ನೋರು ಎದ್ದು ನಿಲ್ಲಿ."

ಏಳನೇ ವಾರ್ಡಿನ ಸದಸ್ಯೆ ಪುಟ್ಟಸಿದ್ದಮ್ಮ ಎದ್ದು ನಿಂತಳು. ಅವಳ ವಾರ್ಡಿಗೆ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ, ಸೋಮವಾರ ಮಾತ್ರ. ಅಧ್ಯಕ್ಷರ ಮನೆಯ ಗುಲಾಬಿ ಗಿಡಗಳಿಗೆ ಮಾತ್ರ ದಿನಕ್ಕೆ ಎರಡು ಹೊತ್ತು. ಆ ಬೆಳಿಗ್ಗೆಯಷ್ಟೇ ಮೂವರು ಹೆಂಗಸರು ಖಾಲಿ ಕೊಡಗಳನ್ನು ಅವಳ ಜಗಲಿ ಮೇಲೆ ಕುಕ್ಕಿ, "ತುಂಬಿಸಿಕೊಡು, ಇಲ್ಲಾ ಮುಂದಿನ ಸಲ ಓಟು ಕೇಳೋಕೆ ಬರಬೇಡ" ಎಂದು ಹೋಗಿದ್ದರು.

"ಏನಮ್ಮ, ನಿನಗೆ ನೀರಿಲ್ವಾ?" ಎಂದರು ಅಧ್ಯಕ್ಷರು.

"ನೀವೇ ಇದೆ ಅಂದ ಮೇಲೆ ಇಲ್ಲ ಅನ್ನೋಕಾಗುತ್ತಾ ಸಾರ್? ನಾನು ಎದ್ದದ್ದು ಕರೆಯೋಕೆ. ಡ್ಯಾಮ್ ತುಂಬಿದರೆ ದೊಡ್ಡ ದೊಡ್ಡವರು ಬಾಗಿನ ಬಿಡ್ತಾರೆ. ನಮ್ಮ ಬೀದಿ ನಲ್ಲಿಗೆ ಬಿಡೋಕೆ ನಿಮಗಿಂತ ದೊಡ್ಡವರು ಯಾರಿದ್ದಾರೆ?"

ಅಧ್ಯಕ್ಷರ ಎದೆ ಉಬ್ಬಿದ ರಭಸಕ್ಕೆ ಜುಬ್ಬದ ಗುಂಡಿ ಹಾರಿ ಗುಮಾಸ್ತರ ಚಹಾದೊಳಗೆ ಬಿತ್ತು.

"ಪೇಟ ಇರುತ್ತಾ?"

"ಪೇಟ, ಹಾರ, ವಾಲಗ, ಫೋಟೋದವನು. ದಿನ ನೀವೇ ಹೇಳಿ. ಹೇಗೂ ದಿನಾ ನೀರು ಬರುತ್ತಲ್ಲ."

"ಗುರುವಾರ. ನನಗೆ ಆಗಿಬರೋ ದಿನ."

ಗುರುವಾರ ನಲ್ಲಿಗೆ ಮಾವಿನ ಎಲೆ ಕಟ್ಟಿ ಇಡೀ ವಾರ್ಡು ಸುತ್ತ ನಿಂತಿತ್ತು. ಪುಟ್ಟಸಿದ್ದಮ್ಮ ಮೊರ ತಂದಳು. ಅದರಲ್ಲಿ ಐದು ಸೇರು ಅಕ್ಕಿ, ತೊಗರಿಬೇಳೆ, ಆರು ಅಚ್ಚು ಬೆಲ್ಲ, ನಾಲ್ಕು ತೆಂಗಿನಕಾಯಿ, ಬಳೆ, ರವಿಕೆ ಕಣ. ಅಧ್ಯಕ್ಷರು ಎರಡೂ ಕೈಯಲ್ಲಿ ಹಿಡಿದು ಫೋಟೋಕ್ಕೆ ನಕ್ಕರು.

"ಒಂದು ಮಾತು ಸಾರ್," ಎಂದಳು. "ಬಾಗಿನ ಎತ್ತಿಕೊಂಡ ಮೇಲೆ ಗಂಗೆ ಬರೋವರೆಗೂ ಕೆಳಗಿಡಬಾರದು. ಇಟ್ಟರೆ ಇಟ್ಟವರ ಪದವಿಯೂ ಇಳಿಯುತ್ತೆ."

ನಲ್ಲಿ ತಿರುಗಿಸಿದರು. ಒಳಗಿನಿಂದ ಒಂದು ನಿಟ್ಟುಸಿರು ಬಂತು, ಹಿಂದೆಯೇ ಒಂದು ಜಿರಳೆ. ನೀರು ಬರಲಿಲ್ಲ. ಕಾಲು ಗಂಟೆಯಾಯಿತು. ಅಧ್ಯಕ್ಷರ ತೋಳು ವಾಲಗದ ತಾಳಕ್ಕೆ ಸರಿಯಾಗಿ ನಡುಗತೊಡಗಿತು.

ಗುಂಪಿನಲ್ಲಿ ನೀರುಗಂಟಿ ಅಮೀರ್‌ಜಾನ್ ವಾಲ್ವಿನ ಉದ್ದನೆಯ ಕೀಲಿ ಹೆಗಲ ಮೇಲಿಟ್ಟು ನಿಂತಿದ್ದ.

"ನೋಡ್ತಾ ನಿಂತಿದ್ದೀಯಲ್ಲೋ, ಬಿಡೋ ನೀರು."

"ಬಿಡೋ ಹಾಗಿಲ್ಲ ಸಾರ್. ಏಳನೇ ವಾರ್ಡಿಗೆ ಸೋಮವಾರ ಮಾತ್ರ ಅಂತ ನಿಮ್ಮದೇ ಆದೇಶ. ಬೇರೆ ಬರೆದುಕೊಡಿ, ಬಿಡ್ತೀನಿ."

"ನನ್ನ ಕೈ ಖಾಲಿ ಇದೆಯೇನೋ?"

ಪುಟ್ಟಸಿದ್ದಮ್ಮ ಮಡಿಸಿದ ಕಾಗದ ಬಿಚ್ಚಿ ಗಟ್ಟಿಯಾಗಿ ಓದಿದಳು. "'ಏಳನೇ ವಾರ್ಡಿಗೆ ಪ್ರತಿದಿನ ನೀರು ಬಿಡತಕ್ಕದ್ದು.' ಸಹಿ ಬೇಡ ಸಾರ್, ಹೆಬ್ಬೆಟ್ಟು ಸಾಕು."

"ನಾನು ಬಿ.ಎ. ಓದಿದೋನು ಕಣಮ್ಮ."

"ಅದಕ್ಕೇ ಒತ್ತಿಸಿಕೊಳ್ಳೋ ಮುಂಚೆ ಓದಿ ಹೇಳಿದೆ." ಮೊರದ ಅಂಚನ್ನು ಬಿಗಿಹಿಡಿದಿದ್ದ ಹೆಬ್ಬೆಟ್ಟಿಗೆ ಕುಂಕುಮ ಹಚ್ಚಿದಳು. ಅಧ್ಯಕ್ಷರು ಮೊರ ನೋಡಿದರು, ಕಾಗದ ನೋಡಿದರು, ತಾವೇ ಹೆಬ್ಬೆಟ್ಟು ಮುಂದೆ ಚಾಚಿದರು.

ಅಮೀರ್‌ಜಾನ್ ಕೀಲಿ ತಿರುಗಿಸಿದ. ನೀರು ಎಂಥಾ ಜೋರಾಗಿ ಬಂತೆಂದರೆ ಅಧ್ಯಕ್ಷರ ಪೇಟ ಎಂಟನೇ ವಾರ್ಡಿನಲ್ಲಿ ಸಿಕ್ಕಿತು. ಮೊದಲು ತುಂಬಿದ್ದು ಜಗಲಿಯ ಆ ಮೂರು ಕೊಡ.

ಬಾಗಿನ ಬಿಟ್ಟು ತೋಳು ನೀವಿಕೊಳ್ಳುತ್ತಾ ಅಧ್ಯಕ್ಷರು ಗುರುಗುಟ್ಟಿದರು. "ಕುಂಕುಮದ ಹೆಬ್ಬೆಟ್ಟು ಯಾವ ಕಾನೂನಿಗೂ ನಿಲ್ಲಲ್ಲ. ನಾಳೆಯೇ ರದ್ದು ಮಾಡ್ತೀನಿ."

"ಮಾಡಿ ಸಾರ್. ಈ ವಾರ್ಡಲ್ಲಿ ಇನ್ನೂ ಹನ್ನೊಂದು ನಲ್ಲಿ ಇವೆ, ಹನ್ನೊಂದು ಮೊರ ಸಿದ್ಧ ಮಾಡಿಟ್ಟಿದ್ದೀನಿ. ನೀವೇ ಬರ್ತೀರಿ ಅಂತ ಕರಪತ್ರವೂ ಅಚ್ಚಾಗಿದೆ. ನಾಳೆಯಿಂದ ದಿನಕ್ಕೊಂದು."

ಅಧ್ಯಕ್ಷರು ತಮ್ಮ ತೋಳುಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕು, ಪೆನ್ನು ಇಸಿದುಕೊಂಡು ಕುಂಕುಮದ ಪಕ್ಕ ಸಹಿ ಹಾಕಿದರು. ಒದ್ದೆ ಪೇಟವನ್ನು ತರಿಸಿ ಅವಳ ತಲೆಗೇ ಇಟ್ಟರು.

ಇಷ್ಟೂ ನಿಜ. ಒಂದೇ ಒಂದು ಸಣ್ಣ ಸಂಗತಿ ಮಾತ್ರ ಕಟ್ಟಿದ್ದು: ಬಾಗಿನ ಎತ್ತಿದ ಮೇಲೆ ಕೆಳಗಿಡಬಾರದು ಅನ್ನುವ ಶಾಸ್ತ್ರ ಎಲ್ಲೂ ಇಲ್ಲ. ಆದರೆ ಅದನ್ನು ಕಟ್ಟಿದವಳು ಪುಟ್ಟಸಿದ್ದಮ್ಮ. ಹಾಗಾಗಿ ನನ್ನ ಅರ್ಧ ಮೀಸೆ ಇದ್ದಲ್ಲೇ ಇದೆ.