ಬೊಪ್ಪರಸನ ಬೆನ್ನು ಕೆರೆಯುವ ಯಂತ್ರ

ತುಂಬೆಕೋಟೆಯ ದೊರೆ ಬೊಪ್ಪರಸನಿಗೆ ಬೆನ್ನು ಕಡಿಯುತ್ತಿತ್ತು. ಅದೂ ಎಲ್ಲಿ ಅಂತೀರಿ? ಮೇಲಿಂದ ಕೈ ಹಾಕಿದರೂ ಎಟುಕದ, ಕೆಳಗಿಂದ ಹಾಕಿದರೂ ಸಿಗದ ಆ ನಟ್ಟನಡುವಿನ ಜಾಗದಲ್ಲಿ! ಆ ಜಾಗ ಎಲ್ಲರ ಬೆನ್ನಲ್ಲೂ ಇದೆ, ನೀವೂ ಬಲ್ಲಿರಿ.

"ಬೆನ್ನು ಕೆರೆಯುವ ಯಂತ್ರ ಮಾಡಿಸುತ್ತೇನೆ! ಐವತ್ತಾರು ದೇಶದ ರಾಜರೂ ಕೊಳ್ಳಲು ಸಾಲುಗಟ್ಟಬೇಕು!" ಎಂದು ಜಂಭ ಕೊಚ್ಚಿ ದೊರೆ ಹೊಸ ಯಂತ್ರಶಾಲೆ ತೆರೆದ. ಯಂತ್ರ ಕಟ್ಟಲು ಬಡಗಿ ಮಾದೋಜ. ಯಾರಿಗೆ ಎಂಥದ್ದು ಬೇಕೆಂದು ತಿಳಿದು ಬರಲು ವ್ಯಾಪಾರಿ ಪಾರಿಸಶೆಟ್ಟಿ.

ವರ್ಷ ಕಳೆಯಿತು. ಚಕ್ರದ ಮೇಲೆ ಚಕ್ರ ಏರಿ, ಯಂತ್ರ ಎಳೆಯಲು ಎಂಟು ಎತ್ತು ಬೇಕಾದವು. ಎಳೆದರೆ ಸಿಂಹಾಸನದ ಬೆನ್ನನ್ನು ಬಹಳ ಸೊಗಸಾಗಿ ಕೆರೆಯಿತು. ದೊರೆಯ ಬೆನ್ನನ್ನಲ್ಲ.

"ಕಡಿತ ಎಲ್ಲಿ ಅಂತ ಒಂದು ಮಾತು ಕೇಳಿದ್ದೆಯೇನಯ್ಯಾ?" ಪಾರಿಸಶೆಟ್ಟಿ ಹಂಗಿಸಿದ.

ಮಾದೋಜ ಬಿಟ್ಟಾನೆಯೇ? "ನೀನು ಊರೆಲ್ಲ ಕೇಳಿದೆಯಲ್ಲ ಶೆಟ್ಟಿ! ಆನೆಗೂ ಕೆರೆದುಕೊಡುತ್ತೇವೆ ಅಂತ ಮಾವುತನಿಗೆ ಮಾತು ಕೊಟ್ಟೆ. ಕೆರೆಯಲು ನಿನ್ನ ಹತ್ತಿರ ಒಂದು ಕಡ್ಡಿಯಾದರೂ ಇದೆಯಾ?"

ದೊರೆ ಕಂಬಕ್ಕೆ ಬೆನ್ನು ಉಜ್ಜುತ್ತಲೇ ಗುಡುಗಿದ: "ಸಾಕು! ಇಬ್ಬರಲ್ಲಿ ಒಬ್ಬ ಸಾಕು ನನಗೆ. ಗುಮ್ಮಣ್ಣಾ, ಆಸ್ಥಾನದ ಜಾಣ ಅಂತ ಕೂತು ಉಣ್ಣುತ್ತೀಯಲ್ಲ, ಯಾರು ದೊಡ್ಡವನು ಹೇಳು. ಚಿಕ್ಕವನಿಗೆ ಗಡೀಪಾರು. ಇಬ್ಬರೂ ಒಪ್ಪುವ ಹಾಗೆ ಹೇಳದಿದ್ದರೆ ನಿನಗೂ ಗಡೀಪಾರು!"

ಗುಮ್ಮಣ್ಣ ತಲೆ ಕೆರೆದುಕೊಂಡ. ತಲೆ ಕೈಗೆ ಎಟುಕುತ್ತದೆ, ಅದೊಂದು ಪುಣ್ಯ.

"ನಾಳೆ ಹೇಳುತ್ತೇನೆ, ಪ್ರಭು. ಮೊದಲು ಇಬ್ಬರಿಗೂ ಬರಿಮೈ ಮೇಲೆ ಶಾಲು ಹೊದಿಸಿ ಸನ್ಮಾನವಾಗಲಿ. ಹೋಗುವವನಿಗೆ ನೆನಪಿಗೊಂದು ಬೇಡವೇ?"

ಮರುದಿನ ಓಲಗ ಮೊಳಗಿತು. ಶಾಲು ಹೊದಿಸಿದ್ದೂ ಆಯಿತು. ತುಸು ಹೊತ್ತಿಗೆ ಮಾದೋಜ ಭುಜ ಕುಣಿಸಿದ. ಶೆಟ್ಟಿ ಸೊಂಟ ತಿರುವಿದ. ಇಬ್ಬರೂ ಶಾಲು ಕಿತ್ತೆಸೆದು ತಕತಕ ಕುಣಿಯತೊಡಗಿದರು. ಓಲಗದವರು ಪಾಪ, ಅದಕ್ಕೂ ತಾಳ ಹಾಕಿದರು!

"ಯಂತ್ರ ತರಿಸೋ, ಮಾದೋಜ!"

"ಎತ್ತು ಹೂಡುವಷ್ಟರಲ್ಲಿ ಸಂಜೆಯಾಗುತ್ತೆ! ಅಯ್ಯೋ ಶೆಟ್ರೇ, ಸ್ವಲ್ಪ ಕೆರೀರಿ ನಿಮ್ಮ ದಮ್ಮಯ್ಯ!"

"ನೀನೂ ಕೆರಿ ಮಾರಾಯ!"

ಇಬ್ಬರೂ ತಬ್ಬಿಕೊಂಡು ಒಬ್ಬರ ಬೆನ್ನು ಒಬ್ಬರು ಕೆರೆದರು.

"ಮೇಲೆ... ಇನ್ನೂ ಮೇಲೆ... ಎಡಕ್ಕೆ, ಎಡಕ್ಕೆ!"

"ಇಲ್ಲೇನಾ?"

"ಹಾಂ! ಅಲ್ಲೇ! ಅಲ್ಲೇ!"

ದೊರೆ ಬೆರಗಾಗಿ ಕೇಳಿದ, "ಇವರಲ್ಲಿ ಯಾರಯ್ಯಾ ದೊಡ್ಡವನು?"

"ಯಾರು ದೊಡ್ಡವನೋ ಅವನು ಮೊದಲು ಕೈ ತೆಗೆಯಲಿ, ಪ್ರಭು," ಎಂದ ಗುಮ್ಮಣ್ಣ.

"ನಾನು ಚಿಕ್ಕವನು!" ಎಂದು ಕಿರುಚಿದ ಮಾದೋಜ. "ನಾನೂ ಚಿಕ್ಕವನೇ! ಕೈ ಮಾತ್ರ ತೆಗೀಬೇಡ!" ಎಂದ ಶೆಟ್ಟಿ.

"ನೋಡಿ ಪ್ರಭು, ಇಬ್ಬರೂ ಒಪ್ಪಿದರು."

ದೊರೆ ಹೊಟ್ಟೆ ಹಿಡಿದು ನಕ್ಕ. ಆಮೇಲೆ ತಾನೂ ಬೆನ್ನು ಕೊಟ್ಟು ಕೂತ. ಶೆಟ್ಟಿ ಕೇಳಿ ಕೇಳಿ ಹೇಳಿದ ಕಡೆ ಮಾದೋಜನ ಉಗುರು ಹೋಯಿತು. ವರ್ಷದ ಕಡಿತ ಇಳಿದು ದೊರೆಯ ಕಣ್ಣು ತಾನಾಗಿ ಮುಚ್ಚಿತು.

"ಯಾರಲ್ಲಿ! ನಮ್ಮ ಗುಮ್ಮಣ್ಣನಿಗೂ ಶಾಲು ಹೊದಿಸಿ!"

ಗುಮ್ಮಣ್ಣ ಆಗಲೇ ಬಾಗಿಲ ಹತ್ತಿರ ಇದ್ದ. "ಶಾಲು ಮಾತ್ರ ಬೇಡ, ಪ್ರಭು! ಅವರಿಬ್ಬರಿಗೆ ಯಾವುದು ಹೊದಿಸುತ್ತೀರೋ ಗೊತ್ತಾಗದೆ ಇಡೀ ಶಾಲಿನ ಪೆಟ್ಟಿಗೆಗೇ ತುರಿಕೆ ಸೊಪ್ಪಿನ ಪುಡಿ ಸುರಿದಿದ್ದೇನೆ!"